ಬಾನು ಮುಚ್ಚಿದರೆ ಬೇಸರ ಬೇಡ

ಕೇಳುಗರಿಗೆ ನಮಸ್ಕಾರ.

ಮಕ್ಕಳನ್ನು ಯುರೋಪಿಗೆ ಕಳಿಸಿರುವ ಕುಟುಂಬಗಳು ದಾವಣಗೆರೆ, ಚಿತ್ರದುರ್ಗದಲ್ಲೂ ಇವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಬಾನು ಮುಚ್ಚಿತು. ಆ ತಿಂಗಳು ಮುಗಿಯುವಷ್ಟರಲ್ಲಿ ನಾವೂ ಮುಚ್ಚಿದೆವು. ದಿಲ್ಲಿಯಿಂದ ಹೊರಟ ವಿಮಾನ ಸುತ್ತಿಕೊಂಡು ಹೋಗಬೇಕಾಯಿತು. ಹೊತ್ತು ಜಾಸ್ತಿ, ಖರ್ಚೂ ಜಾಸ್ತಿ. ಆದರೂ ಆ ಸುತ್ತು ಇರಲಿ ಅಂತಲೇ ನಾನು ಹೇಳುತ್ತೇನೆ.

ಯಾಕೆ ಅಂದರೆ, ಕ್ಷಿಪಣಿಗಳ ಕೈ ಈಗ ಬಹಳ ಉದ್ದವಾಗಿದೆ. ನೆಲದಿಂದಲೇ ವಿಮಾನ, ಕ್ಷಿಪಣಿಗಳನ್ನು ಹೊಡೆದುರುಳಿಸುವ ಎಸ್-400 ಎಂಬ ವ್ಯವಸ್ಥೆಯನ್ನು ರಷ್ಯಾದಿಂದ ಕೊಳ್ಳಲು ನಮ್ಮ ಸರ್ಕಾರ 2018ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದರ ಅತಿ ದೂರದ ಕ್ಷಿಪಣಿಯ ವ್ಯಾಪ್ತಿ 400 ಕಿಲೋಮೀಟರ್. ಚಿತ್ರದುರ್ಗದಿಂದ ಹೈದರಾಬಾದಿಗೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ಗಡಿಯ ಹತ್ತಿರ ನಿಲ್ಲಿಸಿದರೆ ಪಕ್ಕದ ದೇಶದೊಳಗಿನ ಬಾನೂ ಅದರ ಅಳತೆಗೆ ಬರುತ್ತದೆ.

ಆದರೆ ಹೊಡೆಯುವ ಮೊದಲು ಕಾಣಬೇಕಲ್ಲ? ನಮ್ಮ ದುರ್ಗದ ಕೋಟೆಯಲ್ಲಿ ಬತೇರಿ ಹತ್ತಿದವನಿಗೆ ಕಂಡದ್ದು ಕೆಳಗಿನ ಬಾಗಿಲು ಕಾಯುವವನಿಗೆ ಕಾಣುವುದಿಲ್ಲ. ರೇಡಾರಿನ ಪಾಡೂ ಅದೇ. ಭೂಮಿ ಗುಂಡಗಿದೆ. ನೆಲದಿಂದ ನೂರು ಮೀಟರ್ ಮೇಲೆ ನುಸುಳಿ ಬರುವ ವಿಮಾನ ಸುಮಾರು 50 ಕಿಲೋಮೀಟರ್ ಹತ್ತಿರಕ್ಕೆ ಬರುವವರೆಗೂ ನೆಲದ ರೇಡಾರಿಗೆ ಸಿಗುವುದಿಲ್ಲ. 10 ಕಿಲೋಮೀಟರ್ ಎತ್ತರದಲ್ಲಿ ಇರುವುದು 400 ಕಿಲೋಮೀಟರ್ ಆಚೆಯಿಂದಲೇ ಕಂಡೀತು. ಪ್ರಯಾಣಿಕರ ವಿಮಾನಗಳು ಹಾರುವುದು ಆ ಎತ್ತರದಲ್ಲೇ ಅಲ್ವಾ? ಅಂದರೆ, ದೂರದಿಂದ ಸಲೀಸಾಗಿ ಕಣ್ಣಿಗೆ ಬೀಳುವುದು ಯಾರಿಗೂ ಕೇಡು ಬಯಸದ ವಿಮಾನ. ನನಗೆ ಭಯ ಹುಟ್ಟಿಸುವುದು ಇದೇ.

ಇದು ಸುಮ್ನೆ ಹೇಳುವ ಮಾತಲ್ಲ. 2020ರ ಜನವರಿ 8ರಂದು ಟೆಹ್ರಾನ್‌ನಿಂದ ಮೇಲೇರಿದ ಉಕ್ರೇನಿನ ವಿಮಾನವನ್ನು ಇರಾನಿನ ಪಡೆಯೇ ಹೊಡೆದುರುಳಿಸಿತು. ಕೆಲವೇ ಗಂಟೆ ಮೊದಲು ಇರಾಕಿನಲ್ಲಿದ್ದ ಅಮೆರಿಕದ ನೆಲೆಗಳ ಮೇಲೆ ಇರಾನ್ ಕ್ಷಿಪಣಿ ಹಾರಿಸಿತ್ತು. ಆದರೂ ವಿಮಾನ ನಿಲ್ದಾಣ ತೆರೆದೇ ಇತ್ತು. 176 ಜನ ಸತ್ತರು. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಮಲೇಷ್ಯಾದ ವಿಮಾನ ಕ್ಷಿಪಣಿ ತಗುಲಿ ಬಿದ್ದು 298 ಜನ ಹೋದರು. ಅಲ್ಲಿ ಬಾನು ಮುಚ್ಚಿತ್ತು, ಆದರೆ 32,000 ಅಡಿಯವರೆಗೆ ಮಾತ್ರ. ವಿಮಾನ ಹಾರುತ್ತಿದ್ದದ್ದು 33,000 ಅಡಿಯಲ್ಲಿ. ಎರಡೂ ಕಡೆ ಬಳಕೆಯಾದದ್ದು ಎಸ್-400ಕ್ಕಿಂತ ಚಿಕ್ಕ ಕ್ಷಿಪಣಿ.

ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಮೊದಲು ಒಬ್ಬರಿಗೊಬ್ಬರು ತಿಳಿಸಬೇಕೆಂದು ಭಾರತ, ಪಾಕಿಸ್ತಾನ 2005ರಲ್ಲಿ ಒಪ್ಪಿಕೊಂಡಿವೆ. ಬಾನಿನ ವಿಷಯಕ್ಕೂ ಅಂಥದ್ದೊಂದು ಒಪ್ಪಂದ ಆಗಬೇಕು. ಕ್ಷಿಪಣಿ ದಳ ಸಜ್ಜಾಗುವ ಮೊದಲೇ ನಾಗರಿಕ ವಿಮಾನಗಳನ್ನು ಅಲ್ಲಿಂದ ಆಚೆ ಕಳಿಸಬೇಕು. ನೆಲದಿಂದ ಹಿಡಿದು ಮೇಲಿನವರೆಗೂ, ಯಾವ ಎತ್ತರವನ್ನೂ ಬಿಡದೆ.