ತೂಬಿನ ಬಳಿಯ ರಾಜಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾಸನದ ಕಡೆ ರಾಜಕಾರಣಿಯೊಬ್ಬರನ್ನು ಹೀಗಳೆಯಲು ‘ಕಳ್ಳ’ ಎನ್ನಬೇಕಾಗಿಲ್ಲ. ‘ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡಿದ್ದಾರೆ’ ಎಂದರೆ ಸಾಕು. ಮನೆಯ ಮಕ್ಕಳಿಗೆ ‘ಸ್ವಲ್ಪ ಹೊಂದಿಕೊಂಡು ಹೋಗಿ’ ಎಂದು ಬುದ್ಧಿ ಹೇಳುವವರೂ ನಾವೇ. ಚುನಾವಣೆಯ ಸುದ್ದಿ ಬಂದೊಡನೆ ಅದೇ ಮಾತು ಬೈಗುಳವಾಗುತ್ತದೆ. ಕಾರಣವಿಲ್ಲವೆಂದಲ್ಲ, ರಾತ್ರಿ ಹಿಂಬಾಗಿಲಲ್ಲಿ ನಡೆಯುವ ಒಪ್ಪಂದಗಳನ್ನು ಜನ ಕಂಡಿದ್ದಾರೆ. ಆದರೆ ಆ ಸಿಟ್ಟಿನಲ್ಲಿ, ಹಗಲು ಹೊತ್ತಿನಲ್ಲಿ ಹತ್ತು ಜನರೆದುರು ಕುಳಿತು ಮಾಡುವ ರಾಜಿಯನ್ನೂ ಅದೇ ಮೂಟೆಗೆ ತುಂಬಿಬಿಟ್ಟಿದ್ದೇವೆ ಎಂಬುದು ನನ್ನ ತಕರಾರು.

ನಮ್ಮ ಜಿಲ್ಲೆಯಲ್ಲಿ ಬೇರೂರಿದ ಜೆಡಿಎಸ್ ಲೆಕ್ಕವನ್ನೇ ನೋಡಿ. 2004ರಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ, 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಮತ್ತೆ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿಯ ಜೊತೆ ಮೈತ್ರಿ. ಮೇಲಿನವರು ಹಾರ ಬದಲಾಯಿಸಿಕೊಂಡಾಗಲೆಲ್ಲ ಮೂರೂ ಪಕ್ಷಗಳ ಊರಿನ ಕಾರ್ಯಕರ್ತರು ನಿನ್ನೆ ಬೈದವರಿಗೇ ಮತ ಕೇಳುತ್ತ ಮನೆಮನೆ ಅಲೆಯಬೇಕು. ಪಕ್ಕದ ಚಿಕ್ಕಮಗಳೂರಿನಲ್ಲಿ 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತು ಸೋತವರು ವೀರೇಂದ್ರ ಪಾಟೀಲರು. 1989ರಲ್ಲಿ ಅವರು ಮುಖ್ಯಮಂತ್ರಿಯಾದದ್ದು ಕಾಂಗ್ರೆಸ್ಸಿನಿಂದಲೇ. ದೊಡ್ಡವರ ಜಗಳ ಹೇಗೋ ಬಗೆಹರಿಯುತ್ತದೆ. ಅವರಿಗಾಗಿ ಮಾತು ಬಿಟ್ಟ ದಾಯಾದಿಗಳ ಜಗಳ ಮಾತ್ರ ಹಿತ್ತಲ ಬೇಲಿಯಲ್ಲೇ ಉಳಿಯುತ್ತದೆ.

ಸದನದಲ್ಲಿ ಇನ್ನೊಂದು ತೊಡಕಿದೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ತಮ್ಮನ್ನು ಮಾರಿಕೊಳ್ಳುವವರನ್ನು ತಡೆಯಲು ಬಂದ ಕಾನೂನು ಅದು. ಎದುರಿನವರ ಮಾತೇ ಸರಿ ಎನಿಸಿ ಪ್ರಾಮಾಣಿಕವಾಗಿ ಕೈಯೆತ್ತುವವರ ಕೈಯನ್ನೂ ಅದು ಹಿಡಿದುಕೊಂಡಿದೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಂತ ಯಾರು ಯಾವ ಪಕ್ಷದವರೆಂದು ಗೊತ್ತಿಲ್ಲದ ಮನೆಯೂ ಇಲ್ಲ. ನಮ್ಮೂರಿನಲ್ಲಿ ಹಾಗೆ ಎದುರುಬದುರಾದ ಇಬ್ಬರು ಹಿರಿಯರಿದ್ದಾರೆ. ಒಬ್ಬರು ನನಗೆ ದೊಡ್ಡಪ್ಪ, ಇನ್ನೊಬ್ಬರು ಸೋದರಮಾವ. ಯಾರ ಪರ ಮಾತಾಡಿದರೂ ನನಗೆ ಒಂದು ಮನೆಯ ಊಟ ತಪ್ಪುತ್ತದೆ, ಆ ಮಾತು ಬಿಡಿ. ಮಳೆ ಕೈಕೊಟ್ಟ ಒಂದು ವರ್ಷ ಕೆರೆಯಲ್ಲಿ ಅರ್ಧದಷ್ಟೂ ನೀರಿರಲಿಲ್ಲ. ದೊಡ್ಡಪ್ಪನ ಗದ್ದೆ ತೂಬಿನ ಹತ್ತಿರ, ಮಾವನದು ಅಚ್ಚುಕಟ್ಟಿನ ಕೊನೆಯಲ್ಲಿ. ಮೇಲಿನವರು ಭತ್ತಕ್ಕೆ ನೀರು ಬಿಟ್ಟುಕೊಂಡರೆ ಕೆಳಗೆ ಮೇವೂ ಬೆಳೆಯದು.

ಕೆರೆಯ ಏರಿಯ ಮೇಲೆ ಊರು ಸೇರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಹೇಳಬೇಕಾದದ್ದನ್ನೆಲ್ಲ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗೆ ಹೇಳಿದರು. ‘ಅವರಿಗೆ ಹೇಳಪ್ಪ’ ಎಂದು ಇವರು, ‘ಇವರಿಗೆ ತಿಳಿಸಪ್ಪ’ ಎಂದು ಅವರು. ಅವನು ಪಾಪ, ಮೂರು ಅಡಿ ದೂರದಲ್ಲಿ ಕುಳಿತವರಿಗೆ ಮಾತು ಸಾಗಿಸಿ ಸಾಗಿಸಿ ಸಾಕಾಗಿ, ಒಂದು ಬಿದಿರು ಗಳಕ್ಕೆ ಕುಡುಗೋಲಿನಿಂದ ಗೀರು ಹಾಕಿ ತೂಬಿನ ಪಕ್ಕ ನೆಟ್ಟ. ನೀರು ಆ ಗೀರಿಗೆ ಇಳಿದರೆ ತೂಬು ಮುಚ್ಚುವುದು, ಉಳಿದದ್ದು ದನಕರುಗಳಿಗೆ. ಅದಕ್ಕೆ ಇಬ್ಬರೂ ತಲೆಯಾಡಿಸಿದರು. ಆಮೇಲೆ ದೊಡ್ಡಪ್ಪ ಅರ್ಧ ಗದ್ದೆಗೆ ರಾಗಿ ಹಾಕಿದರು. ಹಗಲು ಸರದಿಯನ್ನು ಮೇಲಿನವರಿಗೆ ಬಿಟ್ಟು ಮಾವ ರಾತ್ರಿ ಸರದಿ ಒಪ್ಪಿಕೊಂಡರು, ಬ್ಯಾಟರಿ ಹಿಡಿದು ಗದ್ದೆ ಕಾದರು. ಇಬ್ಬರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಮುಂದಿನ ಚುನಾವಣೆಯಲ್ಲಿ ತಮ್ಮ ತಮ್ಮ ಪಕ್ಷಕ್ಕೇ ಓಡಾಡಿದರು.

ಆ ಗಳ ಈಗಲೂ ನೀರುಗಂಟಿಯ ಮನೆಯ ಸೂರಿನಲ್ಲಿ ಸಿಕ್ಕಿಸಿದೆ. ಹೋದ ಸಲ ಕೆರೆ ಕೋಡಿ ಬಿತ್ತು, ಅದನ್ನು ಯಾರೂ ಇಳಿಸಲಿಲ್ಲ. ದೊಡ್ಡಪ್ಪ, ಮಾವ ಇಬ್ಬರೂ ಕೋಡಿ ನೋಡಲು ಬಂದಿದ್ದರು, ಏರಿಯ ಆ ತುದಿಗೊಬ್ಬರು, ಈ ತುದಿಗೊಬ್ಬರು.

ನಮಸ್ಕಾರ.