ಹತ್ತಡಿ ರೂಮಿಗೆ ಎಂಟಿಂಚಿನ ಮಾನಿಟರ್ ಯಾಕೆ ಬೇಡ

ನಮಸ್ಕಾರ. ಮನೇಲಿ ಹಾಡು ಕೇಳೋಕೆ ನಿಯರ್‌ಫೀಲ್ಡ್ ಮಾನಿಟರ್ (ಹತ್ತಿರ ಕೂತು ಕೇಳೋ ಸ್ಪೀಕರ್) ತಗೋಬೇಕು ಅಂತಿದ್ದೀರಾ? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೊರಡೋ ಮುಂಚೆ ಟೇಪು ಹಿಡಿದು ರೂಮು ಅಳೀರಿ. ಬನಶಂಕರಿ ಆಗಲಿ, ಬಿಟಿಎಂ ಆಗಲಿ, ಬಾಡಿಗೆ ಮನೆ ರೂಮು ಅಂದ್ರೆ ಹತ್ತಡಿ, ಹನ್ನೊಂದಡಿ. ನೆಲಕ್ಕೆ ಟೈಲ್ಸು, ಸುತ್ತ ಬರೀ ಗೋಡೆ, ಒಂದು ಕಡೆ ಗಾಜಿನ ಕಿಟಕಿ. ಅಲ್ಲಿ ಕಿವಿಗೂ ಸ್ಪೀಕರಿಗೂ ಮೂರು, ಮೂರೂವರೆ ಅಡಿ ದೂರ ಇರುತ್ತೆ. ಅಷ್ಟು ಹತ್ತಿರಕ್ಕೆ 5 ಇಂಚಿನ ವೂಫರ್ (ಬೇಸ್ ನುಡಿಸೋ ದೊಡ್ಡ ಕೋನ್) ಸಾಕು. ದುಡ್ಡಿದೆ ಅಂತ 8 ಇಂಚಿಗೆ ಹೋಗಬೇಡಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ.

ಯಾಕೆ ಅಂದ್ರೆ, ಎದುರುಬದುರು ಗೋಡೆಗಳ ಮಧ್ಯೆ ಹತ್ತಡಿ ಇದ್ದರೆ 56 ಹರ್ಟ್ಜ್ (ಸೆಕೆಂಡಿಗೆ 56 ಕಂಪನ) ಹತ್ತಿರದ ಬೇಸ್ ಸದ್ದು ಅಲ್ಲೇ ಸಿಕ್ಕಿಹಾಕ್ಕೊಂಡು ಮೊಳಗುತ್ತೆ. ಗೋಡೆ ಪಕ್ಕ ಕೂತರೆ ಅತಿಯಾಗಿ ಕೇಳುತ್ತೆ, ರೂಮಿನ ನಟ್ಟನಡುವೆ ಕೂತರೆ ಮಾಯ. ಹತ್ತಕ್ಕೆ ಹತ್ತರ ಚೌಕ ರೂಮಾದರೆ ಎರಡು ಜೊತೆ ಗೋಡೆಗಳೂ ಅದೇ ಸದ್ದನ್ನ ಹಿಡ್ಕೊಳ್ಳುತ್ವೆ. 38 ಹರ್ಟ್ಜ್ ತನಕ ಇಳಿಯೋ 8 ಇಂಚಿನ ಯಮಾಹಾ ಎಚ್‌ಎಸ್8 ಈ 56ರ ಜಾಗಕ್ಕೆ ಪೂರ್ತಿ ಬಲ ಹಾಕುತ್ತೆ. 5 ಇಂಚಿನ ಎಚ್‌ಎಸ್5 ಅಷ್ಟು ಕೆಳಗೆ ಬರೋ ಹೊತ್ತಿಗೆ ಇಳಿಮುಖ ಆಗಿರುತ್ತೆ, ಹಾಗಾಗಿ ಕೆಳಗಿನ ಸದ್ದು ಎದ್ದು ಗಾಯಕರ ದನಿ, ತಂಬೂರಿಯನ್ನ ಮುಚ್ಚಿಹಾಕೋದು ಕಡಿಮೆ.

ಡಬ್ಬದ ಮೇಲಿನ ಅಂಕಿ ಓದೋವಾಗ ಹುಷಾರು. 5 ಇಂಚಿನದೇ ಆದ ಜೆಬಿಎಲ್ 305ಪಿ ಮಾರ್ಕ್ 2ಕ್ಕೆ 43 ಹರ್ಟ್ಜ್ ಅಂತ ಇರುತ್ತೆ. ಅದು ಸದ್ದು 10 ಡೆಸಿಬೆಲ್ (ಸದ್ದಿನ ಜೋರು ಅಳೆಯೋ ಮಾನ) ಬಿದ್ದ ಮೇಲಿನ ಲೆಕ್ಕ. 3 ಡೆಸಿಬೆಲ್ ಏರಿಳಿತದ ಲೆಕ್ಕದಲ್ಲಿ ಅದೇ ಸ್ಪೀಕರ್ 49ರಿಂದ ಶುರು. ಎಚ್‌ಎಸ್5ರ 54 ಕೂಡ 10 ಡೆಸಿಬೆಲ್ ಲೆಕ್ಕವೇ. ಎರಡು ಮಾಡೆಲ್ ಹೋಲಿಸೋವಾಗ ಪಕ್ಕದ ಡೆಸಿಬೆಲ್ ಒಂದೇನಾ ನೋಡಿ, ಅಂಕಿ ಆಮೇಲೆ. ಬೆಲೆನೂ ಅಷ್ಟೇ: ಮಾನಿಟರ್‌ಗಳನ್ನ ಎಷ್ಟೋ ಕಡೆ ಒಂದೊಂದೇ ಮಾರ್ತಾರೆ. ಜೋಡಿಗೋ ಒಂದಕ್ಕೋ ಕೇಳಿ.

ಇನ್ನು ಇಡೋ ಜಾಗ. ಅರ್ಧ ಧ್ವನಿ ಇಲ್ಲೇ ಕೆಡೋದು. ಸ್ಪೀಕರಿನ ಮುಖ ಹಿಂದಿನ ಗೋಡೆಯಿಂದ 60 ಸೆಂಟಿಮೀಟರ್ ದೂರ ಇದ್ದರೆ ಗೋಡೆಗೆ ಬಡಿದು ವಾಪಸ್ ಬರೋ ಅಲೆ 143 ಹರ್ಟ್ಜ್ ಆಸುಪಾಸಲ್ಲಿ ನೇರ ಸದ್ದನ್ನ ಹೊಡೆದುಹಾಕುತ್ತೆ. ಗಂಡಸರ ದನಿಯ ಮೈ ಸೊರಗೋದು ಇದರಿಂದಲೇ. ಈಕ್ವಲೈಜರಲ್ಲಿ ಏರಿಸಿ ಪ್ರಯೋಜನ ಇಲ್ಲ, ಏರಿಸಿದಷ್ಟೂ ವಾಪಸ್ ಬರೋ ಅಲೆನೂ ಏರುತ್ತೆ. ಚಿಕ್ಕ ರೂಮಲ್ಲಿ ಗೋಡೆ ಹತ್ತಿರಕ್ಕೇ ತಳ್ಳಿ, ಪೋರ್ಟ್ (ಬೇಸ್ ಗಾಳಿ ಹೊರಬರೋ ತೂತು) ಹಿಂದಿದ್ದರೆ ನಾಲ್ಕಿಂಚು ಬಿಡಿ, ಹೆಚ್ಚಾದ ಬೇಸನ್ನ ಹಿಂಬದಿಯ ರೂಮ್ ಕಂಟ್ರೋಲಲ್ಲಿ ತಗ್ಗಿಸಿ. ಎಚ್‌ಎಸ್5ರಲ್ಲಿ ಅದು 500 ಹರ್ಟ್ಜ್ ಕೆಳಗೆ 2 ಅಥವಾ 4 ಡೆಸಿಬೆಲ್ ಇಳಿಸುತ್ತೆ. ಟ್ವೀಟರ್ (ಕೀಚಲು ಸದ್ದು ನುಡಿಸೋ ಚಿಕ್ಕ ಸ್ಪೀಕರ್) ಕಿವಿ ಎತ್ತರಕ್ಕೆ ಬರಲಿ. ಎರಡು ಸ್ಪೀಕರ್ ಮಧ್ಯದ ದೂರ, ಒಂದೊಂದರಿಂದ ಕಿವಿಗಿರೋ ದೂರ, ಮೂರೂ ಸಮ ಇರಲಿ.

ಪಕ್ಕದ ಗೋಡೆಗೆ ಬಡಿದು ಬರೋ ಸದ್ದು ತಡೆಯೋಕೆ, ಒಬ್ಬರ ಕೈಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆ ಮೇಲೆ ಸರಿಸೋಕೆ ಹೇಳಿ. ಕೂತಲ್ಲಿಂದ ಕನ್ನಡೀಲಿ ಟ್ವೀಟರ್ ಕಂಡ ಜಾಗಕ್ಕೆ ನಾಲ್ಕಿಂಚಿನ ರಾಕ್‌ವೂಲ್ (ಸದ್ದು ಹೀರೋ ಕಲ್ಲುನಾರು) ಪ್ಯಾನೆಲ್ ಹಾಕಿ. ಮೊಟ್ಟೆ ಟ್ರೇ, ಒಂದಿಂಚಿನ ಫೋಮ್ ಕೀಚಲು ಸದ್ದನ್ನಷ್ಟೇ ನುಂಗಿ ರೂಮನ್ನ ಮಂಕು ಮಾಡುತ್ವೆ. ಎಂಟಿಂಚು ಬಿಟ್ಟು ಉಳಿಸಿದ ದುಡ್ಡು ಇಲ್ಲಿಗೆ ಹಾಕಿ. ಬೇಸ್ ಗಿಟಾರಿನ 41 ಹರ್ಟ್ಜ್ ತಂತಿ ಬೇಕೇ ಬೇಕು ಅನ್ನೋರು ಆಮೇಲೆ ಸಬ್‌ವೂಫರ್ (ಬೇಸಿಗೇ ಅಂತ ಇರೋ ಬೇರೆ ಸ್ಪೀಕರ್) ಯೋಚಿಸಲಿ.

ಕೊನೇದಾಗಿ ಗುಂಯ್ ಅನ್ನೋ ಹಮ್. ಕಂಪ್ಯೂಟರಿನ ಹೆಡ್‌ಫೋನ್ ಸಾಕೆಟ್ಟಿಂದ ನೇರ ವೈರ್ ಎಳೆದಾಗ ಎರಡು ಕಡೆಯ ಅರ್ಥಿಂಗ್ ಸೇರಿ ಬರುತ್ತೆ. ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿಗೆ ಹೊರಗಿಂದ ಹಾಕೋ ಸೌಂಡ್ ಡಬ್ಬ) ಹಾಕಿ, ಅಲ್ಲಿಂದ ಟಿಆರ್‌ಎಸ್ ಅಥವಾ ಎಕ್ಸ್‌ಎಲ್‌ಆರ್ ಪ್ಲಗ್ಗಿನ, ಹಾದಿಯಲ್ಲಿ ಸೇರೋ ಹಮ್ಮನ್ನ ತಗ್ಗಿಸೋ ಬ್ಯಾಲೆನ್ಸ್ಡ್ ಕೇಬಲ್ ಎಳೀರಿ. ಪ್ಲಗ್ಗಿನ ಮೂರನೇ ಪಿನ್ ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ, ಶಾಕ್ ಹೊಡೆದರೆ ಕಾಯೋದು ಅದೇ. ಕರೆಂಟ್ ಹೋದಾಗ ಮಾತ್ರ ಹಮ್ ಬರ್ತಿದೆಯಾ? ಹಾಗಾದರೆ ಮನೆ ಇನ್ವರ್ಟರ್ ಸ್ಕ್ವೇರ್ ವೇವ್ (ಒರಟು ಅಲೆಯ ಕರೆಂಟ್ ಕೊಡೋ ಬಗೆ) ಇರಬಹುದು. ಆ ಸಾಕೆಟ್ಟನ್ನ ಇನ್ವರ್ಟರ್ ಲೈನಿಂದ ಬಿಡಿಸೋಕೆ ಎಲೆಕ್ಟ್ರಿಷಿಯನ್‌ಗೆ ಹೇಳಿ.