ಬಿಜಾಪುರದ ಚಳಿ, ಹಳೆ ರೋಡ್ ಬೈಕ್, ಚೂಡಾ ಡಬ್ಬಿ

ನಮಸ್ಕಾರ. ಹತ್ತು ದಿನದಲ್ಲಿ ಹತ್ತು ಕೆಜಿ ಇಳಿಸುವ ಉಪಾಯ ಬೇಕಿದ್ದವರು ಈಗಲೇ ಬೇರೆ ವಿಡಿಯೊ ಹುಡುಕಿಕೊಳ್ಳಿ, ನನಗೇನೂ ಬೇಜಾರಿಲ್ಲ. ಇಲ್ಲಿರುವುದು ಒಂದು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ (ಮೋಟರ್ ಬೈಕ್ ಅಲ್ಲ, ಸಣ್ಣ ಟಯರಿನ ಗೇರ್ ಸೈಕಲ್), ಎರಡು ಡಬ್ಬಿ ಚೂಡಾ (ಒಗ್ಗರಣೆ ಹಾಕಿದ ಚುರುಮುರಿ, ಅವಲಕ್ಕಿ) ಮತ್ತು ದಿನವಿಡೀ ಕೂತು ಕೆಲಸ ಮಾಡುವ, ನಲವತ್ತರ ಹತ್ತಿರ ಬಂದ ಒಬ್ಬ ಹೆಂಗಸು.

ಈಗ ನೀವು ನೋಡುತ್ತಿರುವುದು ಸಿಂದಗಿ ರಸ್ತೆ. ಬೆಳಗಿನ ಆರೂವರೆ. ರಸ್ತೆ ಚೆನ್ನಾಗಿದೆ, ವಿಡಿಯೊ ನಡುಗುತ್ತಿರುವುದು ನನ್ನ ಕೈಯಿಂದ. ವಿಜಯಪುರ ಅಂದರೆ ಹೊರಗಿನವರಿಗೆ ಬಿಸಿಲೇ ನೆನಪಾಗುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು, ನಿಜ. ಆದರೆ ಸಮುದ್ರ ದೂರ, ಎತ್ತ ನೋಡಿದರೂ ಬಯಲು, ಚಳಿಗಾಲದ ರಾತ್ರಿ ಮೋಡವೇ ಇರುವುದಿಲ್ಲ. ಹಗಲು ಕಾದ ನೆಲ ಕತ್ತಲಾಗುತ್ತಲೇ ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಹೋಗುವ ದಿನಗಳೂ ಇವೆ. ಬೆಂಗಳೂರಿನ ನಮ್ಮ ತಂಗಿ ಹದಿನಾರು ಡಿಗ್ರಿಗೆ ರಜಾಯಿ ಹೊದ್ದು ಫೋಟೊ ಕಳಿಸುತ್ತಾಳೆ. ಪಾಪ.

ಹಾಗಿದ್ದರೆ ಚಳಿಯಲ್ಲೇ ಯಾಕೆ ಶುರು ಮಾಡಿದೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ಸೈಕಲ್‌ಗೆ ಇದೇ ಸೀಸನ್ ಕಣ್ರೀ. ಮಳೆಗಾಲದಲ್ಲಿ ಹೊಲದಿಂದ ಬರುವ ಟ್ರ್ಯಾಕ್ಟರ್‌ಗಳು ಎರೆಮಣ್ಣನ್ನು ರಸ್ತೆಗೆ ತಂದು ಮೆತ್ತುತ್ತವೆ. ಅದು ಟಯರ್‌ಗೆ ಅಂಟಿ, ಬ್ರೇಕ್ ಸಂದಿಯಲ್ಲಿ ತುಂಬಿಕೊಂಡರೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತೇ ಬರಬೇಕು. ಬೇಸಿಗೆಯಲ್ಲಿ ಬೆಳಗಿನ ಎಂಟಕ್ಕೇ ನೆತ್ತಿ ಸುಡುತ್ತದೆ. ದೀಪಾವಳಿಯಿಂದ ಫೆಬ್ರವರಿ ತನಕ ಮಾತ್ರ ನನ್ನಂಥವರಿಗೆ ನಿಧಾನವಾಗಿ ಕಲಿಯಲು ಸಮಯ ಸಿಗುತ್ತದೆ.

ಇನ್ನೊಂದು ಕಾರಣವೂ ಇದೆ. ಈ ಊರಿನಲ್ಲಿ ರೋಡ್ ಬೈಕ್ ಅಂದರೆ ಯಾರೂ ಬೆರಗಾಗಿ ನೋಡುವುದಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಅಂದರೆ ರಾಜ್ಯದ ಸೈಕ್ಲಿಂಗ್‌ಗೆ ತವರು ಇದ್ದ ಹಾಗೆ. ಸ್ಪೋರ್ಟ್ಸ್ ಹಾಸ್ಟೆಲ್ ಮಕ್ಕಳು ಬೆಳಗಾಗುವ ಮುಂಚೆ ಸಾಲಾಗಿ ಹೊರಡುತ್ತಾರೆ. ಅಗೋ, ಬಲಗಡೆಯಿಂದ ಸರ್ರಂತ ಹೋದರಲ್ಲ, ಅವರೇ. ಒಬ್ಬರ ಹಿಂದಿನ ಚಕ್ರಕ್ಕೆ ಇನ್ನೊಬ್ಬರ ಮುಂದಿನ ಚಕ್ರ ತಾಗಿಯೇ ಬಿಡುತ್ತದೇನೋ ಅನ್ನುವಷ್ಟು ಹತ್ತಿರ. ಗಾಳಿ ಸೀಳುವ ಕೆಲಸ ಮುಂದಿನವರದು. ಹಿಂದಿನವರಿಗೆ ಶ್ರಮ ಕಡಿಮೆ. ಆಮೇಲೆ ಪಾಳಿ ಬದಲು.

ಅವರಲ್ಲಿ ಒಬ್ಬಳು ಹುಡುಗಿ ಒಂದು ದಿನ ನನ್ನ ಪಕ್ಕ ಬಂದು ಸ್ವಲ್ಪ ಹೊತ್ತು ನನ್ನ ಮೊಣಕಾಲನ್ನೇ ನೋಡಿದಳು. "ಅಕ್ಕಾರ, ಸೀಟ್ ಭಾಳ ತಳಗೈತ್ರಿ. ಹಿಂಗ ತುಳದ್ರ ಮೊಣಕಾಲ ಹಿಡೀತಾವ ನೋಡ್ರಿ" ಅಂದಳು. ಅಂಗಡಿಯವನು ಸೀಟ್ ಎಲ್ಲಿ ಇಟ್ಟು ಕೊಟ್ಟಿದ್ದನೋ ಅಲ್ಲೇ ಇತ್ತು. ಅವಳೇ ಕೆಳಗಿಳಿದು ಹಿಂದಿನ ಜೇಬಿನಿಂದ ಅಲೆನ್ ಕೀ ತೆಗೆದಳು. ನನ್ನನ್ನು ಮೈಲಿಗಲ್ಲಿಗೆ ಆನಿಸಿ ಕೂರಿಸಿ, "ಹಿಮ್ಮಡ ಪೆಡಲ್ ಮ್ಯಾಲ ಇಡ್ರಿ, ಈಗ ಹಿಂದಕ್ಕ ತಿರುಗಸ್ರಿ" ಅಂದಳು. ಪೆಡಲ್ ಪೂರ್ತಿ ಕೆಳಗೆ ಹೋದಾಗ ಹಿಮ್ಮಡಿ ಇಟ್ಟ ಕಾಲು ನೆಟ್ಟಗೆ ಆಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಚೂರು ಬಾಗಿರುತ್ತದೆ. ಅಷ್ಟೇ ಲೆಕ್ಕ. ಎರಡು ಬೆರಳು ಎತ್ತರಿಸಿದ್ದು. ಬೇರೆ ಯಾರದೋ ಸೈಕಲ್ ಹತ್ತಿದ ಹಾಗಾಯಿತು. ಹೋಗುವಾಗ ಇನ್ನೊಂದು ಹೇಳಿದಳು: ಭಾರದ ಗೇರ್‌ನಲ್ಲಿ ಒತ್ತಿ ತುಳಿಯಬೇಡಿ, ಹಗುರ ಗೇರ್‌ನಲ್ಲಿ ಬೇಗ ಬೇಗ ತಿರುಗಿಸಿ, ನಿಮಿಷಕ್ಕೆ ಎಂಬತ್ತು ಸುತ್ತು ಆದರೂ ಬರಲಿ. ತೂಕ ಜಾಸ್ತಿ ಇರುವವರ ಮೊಣಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಈಗ ಗಾಳಿಯ ಮಾತು. ನಮ್ಮಲ್ಲಿ ಏರು ಅನ್ನುವುದೇ ಇಲ್ಲ, ನಮ್ಮ ಗುಡ್ಡ ಅಂದರೆ ಗಾಳಿ. ಚಳಿಗಾಲದಲ್ಲಿ ಅದು ಹೆಚ್ಚಾಗಿ ಪೂರ್ವ, ಈಶಾನ್ಯದ ಕಡೆಯಿಂದ ಬೀಸುತ್ತದೆ. ನಸುಕಿನಲ್ಲಿ ಸುಮ್ಮನಿರುತ್ತದೆ, ಬಿಸಿಲೇರುತ್ತಿದ್ದಂತೆ ಏಳುತ್ತದೆ. ಇದು ಗೊತ್ತಿಲ್ಲದವರು ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋಗುತ್ತಾರೆ. ತೊರವಿ ದಾಟಿ, ಮಹಿಳಾ ವಿಶ್ವವಿದ್ಯಾಲಯ ದಾಟಿ, ತಿಕೋಟಾ ತನಕ ದ್ರಾಕ್ಷಿ ತೋಟ ನೋಡುತ್ತಾ ಹಾಯಾಗಿ ಹೋಗಿಬಿಡುತ್ತಾರೆ. ನಾನೇನು ಕಮ್ಮಿ ಅನಿಸುತ್ತದೆ. ವಾಪಸ್ ತಿರುಗಿದಾಗ ಗೊತ್ತಾಗುತ್ತದೆ ತುಳಿದದ್ದು ಯಾರು ಅಂತ. ಇಪ್ಪತ್ತು ಕಿಲೋಮೀಟರ್ ಎದೆಗೆ ಗಾಳಿ, ಹೊಟ್ಟೆಯಲ್ಲಿ ಹಸಿವು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಎದುರುಗಾಳಿಯಲ್ಲಿ ನಿಮ್ಮ ವೇಗಕ್ಕೆ ಅದರ ವೇಗವೂ ಸೇರಿಕೊಳ್ಳುತ್ತದೆ. ಹೊಸಬರು ಪೂರ್ವಕ್ಕೆ ಹೋಗಿ. ಸಿಂದಗಿ ರಸ್ತೆಯಲ್ಲಿ ಕೃಷಿ ಕಾಲೇಜಿನ ತನಕ ಹೋಗಿ ತಿರುಗಿದರೆ ಬರುವಾಗ ಗಾಳಿಯೇ ಮನೆಗೆ ತಳ್ಳುತ್ತದೆ.

ಆದರೆ ಪೂರ್ವಕ್ಕೆ ಹೋದರೆ ಸೂರ್ಯ ಎದುರಿಗೆ. ಜನವರಿಯಲ್ಲಿ ಏಳರ ಹೊತ್ತಿಗೆ ಹುಟ್ಟುತ್ತಾನೆ, ಆಮೇಲೆ ಒಂದರ್ಧ ಗಂಟೆ ರಸ್ತೆಯ ಮಟ್ಟದಲ್ಲೇ ಇರುತ್ತಾನೆ. ನಿಮಗೆ ಕಣ್ಣು ಬಿಡಲು ಆಗುತ್ತಿಲ್ಲ ಅಂದರೆ ಹಿಂದೆ ಬರುವ ಲಾರಿಯವನಿಗೂ ಆಗುತ್ತಿಲ್ಲ ಅಂತ ಅರ್ಥ. ಅವನಿಗೆ ನೀವು ಕಾಣುವುದಿಲ್ಲ. ಬೆಳಕಾಯಿತಲ್ಲ ಅಂತ ಹಿಂದಿನ ಕೆಂಪು ಲೈಟ್ ಆರಿಸಬೇಡಿ. ನಾನು ಆ ಅರ್ಧ ಗಂಟೆ ಎಲ್ಲಾದರೂ ನಿಂತು ಚಹಾ ಕುಡಿಯುತ್ತೇನೆ, ಸಕ್ಕರೆ ಇಲ್ಲದ್ದು. ಅಂಗಡಿಯವನಿಗೆ ಮೊದಮೊದಲು ಇದನ್ನು ಅರ್ಥ ಮಾಡಿಸುವುದೇ ಕಷ್ಟವಾಗಿತ್ತು.

ಇದೇ ಕಬ್ಬಿನ ಸೀಸನ್ ಕೂಡ. ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ, ಅದರ ಮೇಲೆ ಅಗಲಕ್ಕೂ ಎತ್ತರಕ್ಕೂ ಕಬ್ಬು. ಹಿಂದೆ ಲೈಟ್ ಇಲ್ಲ, ಮುಂದೆ ಡಿಜೆ ಹಾಡು. ಹಾಡು ಕೇಳಿಸಿದ ಕೂಡಲೇ ನಾನು ಮಣ್ಣಿಗೆ ಇಳಿದುಬಿಡುತ್ತೇನೆ, ಮಾನ ಮರ್ಯಾದೆ ನೋಡುವುದಿಲ್ಲ. ತೊಗರಿ ಒಕ್ಕಣೆ ಕಾಲವೂ ಇದೇ. ಹಳ್ಳಿಗಳ ಹತ್ತಿರ ತೊಗರಿ ಗಿಡವನ್ನು ರಸ್ತೆಗೇ ಹಾಸಿರುತ್ತಾರೆ, ಬಸ್ಸು ಲಾರಿ ಹಾದು ಕಾಳು ಉದುರಲಿ ಅಂತ. ಅದರ ಮೇಲೆ ರೋಡ್ ಬೈಕಿನ ಸಣ್ಣ ಟಯರ್ ಜಾರಿದರೆ ಕಥೆ ಮುಗಿಯಿತು. ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಕಾಳಿನ ಒಡತಿಯೂ ಬೈಯುವುದಿಲ್ಲ.

ಪಂಕ್ಚರ್ ಬಗ್ಗೆ ಹೇಳದಿದ್ದರೆ ಈ ವಿಡಿಯೊ ಪೂರ್ತಿ ಆಗುವುದಿಲ್ಲ. ಬಳ್ಳಾರಿ ಜಾಲಿ ಮುಳ್ಳು. ರಸ್ತೆ ಬದಿ ಎಲ್ಲಾ ಅದೇ. ಇಲ್ಲಿ ನೋಡಿ, ಟಯರ್ ಬಿಚ್ಚಿದ್ದೇನೆ. ಹೊಸ ಟ್ಯೂಬ್ ಹಾಕುವ ಮುಂಚೆ ಟಯರ್ ಒಳಗೆ ಬೆರಳು ಆಡಿಸಬೇಕು, ನಿಧಾನವಾಗಿ, ಒಂದು ಸುತ್ತು ಪೂರ್ತಿ. ಹೊರಗಿನಿಂದ ಏನೂ ಕಾಣುವುದಿಲ್ಲ. ಮುಳ್ಳಿನ ಬುಡ ಮುರಿದು ಬಿದ್ದಿರುತ್ತದೆ, ತುದಿ ಮಾತ್ರ ಒಳಗೆ ಸಾಸಿವೆಯಷ್ಟು ಚಾಚಿರುತ್ತದೆ. ಸಿಕ್ಕಿತು, ನೋಡಿ. ಇದನ್ನು ಉಗುರಿನಲ್ಲಿ ಎಳೆದರೆ ಬರುವುದಿಲ್ಲ, ಹುಬ್ಬು ಕೀಳುವ ಚಿಮಟ ಬೇಕು. ನನ್ನ ಸೀಟ್ ಕೆಳಗಿನ ಚೀಲದಲ್ಲಿ ಟ್ಯೂಬ್, ಟಯರ್ ಬಿಚ್ಚುವ ಲಿವರ್, ಪಂಪ್ ಜೊತೆ ಅದೂ ಇದೆ. ಗಂಡಸರೂ ಇಟ್ಟುಕೊಳ್ಳಿ, ಯಾರೂ ನಗುವುದಿಲ್ಲ.

ಬಟ್ಟೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ದಪ್ಪ ಸ್ವೆಟರ್ ಬೇಡ. ಬೆವರು ಅದರಲ್ಲೇ ಕೂತು ಆಮೇಲೆ ಚಳಿ ಜಾಸ್ತಿ ಆಗುತ್ತದೆ. ತೆಳುವಾದದ್ದು ಎರಡು ಹಾಕಿ. ಕಿವಿ, ಬೆರಳು ಮುಚ್ಚಿ. ಹೊರಡುವಾಗ ಸ್ವಲ್ಪ ಚಳಿ ಅನಿಸಿದರೆ ಬಟ್ಟೆ ಸರಿಯಿದೆ ಅಂತ ತಿಳಿಯಿರಿ. ತೀರಾ ಚಳಿ ಇದ್ದ ದಿನ ಎದೆಯ ಮೇಲೆ, ಜಾಕೆಟ್ ಒಳಗೆ ಹಳೆ ಪೇಪರ್ ಹಾಳೆ ಮಡಿಚಿ ಇಟ್ಟುಕೊಳ್ಳಿ. ಯುರೋಪಿನ ದೊಡ್ಡ ರೇಸ್‌ಗಳಲ್ಲಿ ಘಟ್ಟ ಇಳಿಯುವಾಗ ಸವಾರರು ಮಾಡುತ್ತಿದ್ದದ್ದೂ ಇದನ್ನೇ. ನೀರು ಮಾತ್ರ ಬೇಕು ಅನಿಸದಿದ್ದರೂ ಕುಡಿಯಿರಿ, ಚಳಿಯಲ್ಲಿ ಬಾಯಾರಿಕೆ ಗೊತ್ತೇ ಆಗುವುದಿಲ್ಲ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಹೊರಡುವುದು ಆಟವಲ್ಲ.

ಸರಿ, ಎಲ್ಲರೂ ಕಾಯುತ್ತಿರುವ ವಿಷಯ. ತೂಕ.

ಲೆಕ್ಕ ಹೀಗಿದೆ. ನನ್ನಷ್ಟು ತೂಕದವರು ಒಂದು ಗಂಟೆ ಹದವಾಗಿ ತುಳಿದರೆ ಸುಮಾರು 500 ಕ್ಯಾಲೊರಿ ಖರ್ಚು. ಒಂದು ಕೆಜಿ ಕೊಬ್ಬು ಕರಗಲು ಅಂದಾಜು 7,700 ಬೇಕು. ಇನ್ನೊಂದು ಕಡೆ, ನೂರು ಗ್ರಾಂ ಶೇಂಗಾದಲ್ಲಿ 560ರ ಮೇಲೆ ಇದೆ. ಅಂದರೆ ಚಳಿಯಲ್ಲಿ ನಡುಗುತ್ತಾ, ಟ್ರ್ಯಾಕ್ಟರ್‌ಗೆ ಹೆದರುತ್ತಾ, ಒಂದು ಗಂಟೆ ದುಡಿದದ್ದು ಎರಡು ಹಿಡಿ ಹುರಿದ ಶೇಂಗಾಕ್ಕೆ ಸಮ. ಟಿವಿ ಮುಂದೆ ಕೂತರೆ ಅದು ಖಾಲಿಯಾಗಲು ಜಾಹೀರಾತು ಬಿಡುವು ಸಾಕು.

ಮತ್ತೆ ನಮ್ಮದು ಶೇಂಗಾದ ಸೀಮೆ, ಅದರ ಮೇಲೆ ಚಳಿಗಾಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ, ಅಂದರೆ ಭೂತಾಯಿಗೆ ನೈವೇದ್ಯ, ಚೆಲ್ಲಿ, ಸಜ್ಜೆ ಕಡುಬು, ಕಾಳು ಪಲ್ಯ, ಶೇಂಗಾ ಹೋಳಿಗೆ. ಸಂಕ್ರಾಂತಿ ಹತ್ತಿರ ಬಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ. ಆಮೇಲೆ ಹೊಲದಲ್ಲಿ ಸೀತನಿ ಸುಡುತ್ತಾರೆ. ಹಾಲುಗಾಳಿನ ಜೋಳ, ಬಿಸಿ ಬಿಸಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ ಜೊತೆ. ದಾರಿಯಲ್ಲಿ ಹೋಗುತ್ತಿದ್ದರೆ ಗುರುತಿಲ್ಲದವರೂ ಕೈ ಬೀಸಿ ಕರೆಯುತ್ತಾರೆ. ಬೇಡ ಅನ್ನುವುದು ಹೇಗೆ? ನಾನು ಅನ್ನುವುದಿಲ್ಲ. ಸೀತನಿ ತಿನ್ನದೆ ಇಳಿಸುವ ತೂಕ ಯಾರಿಗೆ ಬೇಕು.

ನಮ್ಮ ಅತ್ತೆಯವರಂತೂ ನಾನು ಸೈಕಲ್ ನಿಲ್ಲಿಸುವುದನ್ನೇ ಕಾಯುತ್ತಿರುತ್ತಾರೆ. "ಅಷ್ಟ್ ದೂರ ಹೋಗಿ ಬಂದೀಯವಾ, ಇನ್ನೊಂದ್ ಹೋಳಿಗಿ ತಿನ್ನು, ಏನಾಗೂದಿಲ್ಲ." ಅವರದು ಪ್ರೀತಿ. ನನ್ನ ಹೊಟ್ಟೆಯೂ ಅವರ ಪಕ್ಷವೇ. ಸೈಕಲ್ ತುಳಿದ ಮೇಲೆ ಬರುವ ಹಸಿವು ಸುಳ್ಳಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅದು ಬಂದು ಆಫೀಸಿನ ಟೇಬಲ್ ಮೇಲೆ ಕೂರುತ್ತದೆ. ಅದಕ್ಕೇ ಬೆಳಿಗ್ಗೆ ಬಂದ ಕೂಡಲೇ ಒಣ ರೊಟ್ಟಿ ಬದಲು ಬಿಸಿ ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು ಪಲ್ಯ, ಗಟ್ಟಿ ಮೊಸರು ತಿನ್ನುತ್ತೇನೆ. ಹೊಟ್ಟೆ ತುಂಬಾ.

ಹಾಗಾದರೆ ತೂಕ ಇಳಿದದ್ದು ಎಲ್ಲಿಂದ? ನನ್ನ ಅಭಿಪ್ರಾಯ ಕೇಳಿ. ರಾತ್ರಿಯಿಂದ. ಬೆಳಿಗ್ಗೆ ಐದೂವರೆಗೆ ಏಳಬೇಕು ಅಂದರೆ ರಾತ್ರಿ ಹತ್ತಕ್ಕೆ ಮಲಗಲೇಬೇಕು. ಹತ್ತಕ್ಕೆ ಮಲಗುವವಳು ಹತ್ತರಿಂದ ಹನ್ನೊಂದೂವರೆ ತನಕ ಮೊಬೈಲ್ ಹಿಡಿದು ಚೂಡಾ ಡಬ್ಬಿಗೆ ಕೈ ಹಾಕುವುದಿಲ್ಲ, ಅಲ್ವಾ? ನಮ್ಮ ಮನೆಯಲ್ಲಿ ಎರಡು ಡಬ್ಬಿ, ಒಂದು ಚುರುಮುರಿಯದು, ಒಂದು ಅವಲಕ್ಕಿಯದು. ಮೊದಲು ವಾರಕ್ಕೊಮ್ಮೆ ತುಂಬಿಸಬೇಕಿತ್ತು. ಈಗ ಅದರಲ್ಲಿ ಚೂಡಾ ಮೆತ್ತಗಾಗುತ್ತಿದೆ, ಮನೆಯವರು ಹಾಗಂತ ಬೈಯುತ್ತಾರೆ. ನಾನು ಯಾವ ಡಯಟ್ಟೂ ಮಾಡಿಲ್ಲ. ನಿದ್ದೆ ಬಂದದ್ದರಿಂದ ತಿನ್ನುವುದು ನಿಂತಿತು. ಜಿಮ್‌ಗೆ ಸಂಜೆ ಹೋಗುತ್ತಿದ್ದಾಗ ಇದು ಆಗಿರಲಿಲ್ಲ. ಮನೆಗೆ ಬಂದು ಇನ್ನೂ ಎರಡು ತಾಸು ಎಚ್ಚರ ಇರುತ್ತಿದ್ದೆ, ಬಹುಮಾನ ಬೇರೆ ಬೇಕಾಗುತ್ತಿತ್ತು.

ಹಾಗಂತ ಸೈಕಲ್ ಸುಮ್ನೆ ನೆಪ ಅಂತಲ್ಲ. ಅಲಾರಾಂ ಹೊಡೆದಾಗ ರಜಾಯಿ ಬಿಟ್ಟು ಏಳಿಸುವುದು ಅದೇ. ವಾಕಿಂಗ್‌ಗೆ ಅಂತ ನಾನು ಯಾವತ್ತೂ ಎದ್ದವಳಲ್ಲ. ನೆಟ್ಟಗಿನ ರಸ್ತೆ, ಎರಡೂ ಕಡೆ ತೆನೆ ಹೊತ್ತ ಬಿಳಿಜೋಳ, ಚಕ್ರದ ಸದ್ದು. ಅದರ ಆಸೆಗೆ ಏಳುತ್ತೇನೆ.

ತೂಕದ ಯಂತ್ರವನ್ನು ದಿನಾ ಹತ್ತಬೇಡಿ. ನೀರು, ಉಪ್ಪು, ತಿಂಗಳಿನ ದಿನಗಳು, ಎಲ್ಲಕ್ಕೂ ಅದು ಒಂದೆರಡು ಕೆಜಿ ಕುಣಿಯುತ್ತದೆ. ನನಗಂತೂ ಟೇಲರ್ ಮೇಲೆ ನಂಬಿಕೆ ಜಾಸ್ತಿ. ಬ್ಲೌಸ್‌ನಲ್ಲಿ ಅವರು ಒಳಗೆ ಮೂರು ಸಾಲು ಹೊಲಿಗೆ ಹಾಕಿ ಕೊಡುತ್ತಾರೆ, ದಪ್ಪ ಆದಂತೆ ಒಂದೊಂದೇ ಬಿಚ್ಚಲಿ ಅಂತ. ನನ್ನವು ಮೂರೂ ಬಿಚ್ಚಿ ಎಷ್ಟೋ ವರ್ಷ ಆಗಿತ್ತು. ಈ ಸಲ ನಾದಿನಿ ಮಗಳ ನಿಶ್ಚಯಕ್ಕೆ ಅಂತ ತೆಗೆದುಕೊಂಡು ಹೋಗಿ ಒಂದು ಸಾಲು ವಾಪಸ್ ಹಾಕಿಸಿದೆ. ಟೇಲರ್ ಬಾಯಿ ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಆರಾಮ ಇಲ್ಲೇನ್ರಿ?" ಅಂತ ಕೇಳಿದರು.

ಇನ್ನು ಬಿಸಿಲು ಬಲಿಯುವ ಮುಂಚೆ ಒಂದು ಆಸೆ ಇದೆ. ಕೊಲ್ಹಾರ. ನಲವತ್ತು ಕಿಲೋಮೀಟರ್ ಆಸುಪಾಸು, ದಕ್ಷಿಣಕ್ಕೆ, ಕೃಷ್ಣೆಯ ಮೇಲಿನ ಆ ಉದ್ದನೆ ಸೇತುವೆ ತನಕ. ಬರುವಾಗ ಬಸ್ಸಿಗೆ ಸೈಕಲ್ ಏರಿಸಿದರೂ ನನಗೆ ನಾಚಿಕೆ ಇಲ್ಲ. ಅತ್ತೆಯವರಿಗೆ ಹೇಳಿದೆ. ಹೋಗಬೇಡ ಅನ್ನುತ್ತಾರೇನೋ ಅಂದುಕೊಂಡರೆ, ಬರುವಾಗ ಗಡಿಗೆ ಮೊಸರು ತಗೊಂಡು ಬಾ ಅಂದರು. ಕೊಲ್ಹಾರದ ಮೊಸರು ಗೊತ್ತಲ್ಲ, ಮಣ್ಣಿನ ಗಡಿಗೆಯಲ್ಲಿ ಕೊಡುತ್ತಾರೆ. ರೋಡ್ ಬೈಕಿಗೆ ಕ್ಯಾರಿಯರ್ ಇರುವುದಿಲ್ಲ ಅಂತ ಅವರಿಗೆ ಹೇಳಿ ಪ್ರಯೋಜನ ಇಲ್ಲ. ಗಡಿಗೆ ಎಲ್ಲಿ ಕಟ್ಟಬಹುದು ಅಂತ ಯಾರಿಗಾದರೂ ಹೊಳೆದರೆ ಕೆಳಗೆ ಬರೆಯಿರಿ.